ಟೈಪು, ಪ್ರೂಫು, ಒಂದು ಲಗ್ನಪತ್ರಿಕೆ

ನಮ್ಮ ಪ್ರೆಸ್ಸಿನ ಅಚ್ಚುಮೊಳೆಗಳನ್ನು ಅಪ್ಪ ತೂಕಕ್ಕೆ ಹಾಕಿದ್ದು ನಾನು ಪಿಯುಸಿ ಓದುತ್ತಿದ್ದ ವರ್ಷ. ಗುಜರಿಯವನು ಬಾಗಿಲ ಹೊರಗೆ ತಕ್ಕಡಿ ಕಟ್ಟಿ ನಿಂತಿದ್ದ. ನಾವು ಒಳಗಿನಿಂದ ಮೊಳೆ ತುಂಬಿದ ಖಾನೆಗಳ ಒಂದೊಂದೇ ಕೇಸು ತಂದು ಗೋಣಿಚೀಲಕ್ಕೆ ಸುರಿಯುತ್ತಿದ್ದೆವು. ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಅಕ್ಷರಗಳು. ಸುರಿಯುವಾಗ ಜೋಳ ಸುರಿದ ಹಾಗೇ ಸದ್ದು. ಅರ್ಧ ತುಂಬಿದ ಚೀಲ ಎತ್ತಲು ಮಾತ್ರ ಇಬ್ಬರು ಬೇಕು. ಎಲ್ಲಾ ಸೇರಿ 200 ಕೆಜಿ ಬಂತು. ಅಕ್ಷರಕ್ಕೆ ಬೆಲೆ ಕಟ್ಟಲಿಲ್ಲ, ಸೀಸಕ್ಕೆ ಕಟ್ಟಿದ.

ಗದಗ ಅಂದರೆ ಪ್ರೆಸ್ಸು, ಬೆಟಗೇರಿ ಅಂದರೆ ಮಗ್ಗ. ನಮ್ಮ ಅವಳಿ ಊರಿನ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಹೆಚ್ಚುಕಡಿಮೆ ಇಷ್ಟೇ. ನಮ್ಮದು ದೊಡ್ಡ ಪ್ರೆಸ್ಸೇನಲ್ಲ. ಒಂದು ಟ್ರೆಡಲ್ ಮಷೀನು, ಗೋಡೆಗುಂಟ ಕೇಸುಗಳು, ಮೊಳೆ ಜೋಡಿಸಲು ಒಬ್ಬರು ಕಂಪೋಸಿಟರ್. ಅವರನ್ನು ನಾವು ಕಾಕಾ ಅಂತಲೇ ಕರೆಯುತ್ತಿದ್ದೆವು. ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಲಗ್ನಪತ್ರಿಕೆ. ಲಗ್ನದ ಸೀಜನ್ನಿನಲ್ಲಿ ಮನೆ ನಡೆಯುತ್ತಿತ್ತು, ಉಳಿದ ದಿನ ಪ್ರೆಸ್ಸು ನಡೆಯುತ್ತಿತ್ತು, ಅಷ್ಟೇ.

ಈಗ ನಾನು ಧಾರವಾಡದಲ್ಲಿದ್ದೇನೆ. ಪ್ರೋಗ್ರಾಮಿಂಗ್ ಭಾಷೆಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಊರಿಗೆ ಹೋದಾಗ ಯಾರಾದರೂ ಕೇಳೇ ಕೇಳುತ್ತಾರೆ. 'ಏನ್ ಕೆಲಸಾ ಮಾಡ್ತೀಯವಾ ಅಲ್ಲೆ?' ಕಂಪ್ಯೂಟರ್ ಅಂದರೆ ಸಾಕು, ಅಲ್ಲಿಗೆ ಮಾತು ಮುಗಿಯುತ್ತದೆ. ಅಪ್ಪನ ಹತ್ತಿರ ಮಾತ್ರ ಹಾಗೆ ಮುಗಿಯಲ್ಲ. ಒಮ್ಮೆ ಅವರಿಗೆ ಬಿಡಿಸಿ ಹೇಳಲು ಕೂತೆ. ನಮ್ಮ ಕೆಲಸದಲ್ಲಿ ಟೈಪ್ ಅಂತ ಒಂದಿದೆ, ಪ್ರೂಫ್ ಅಂತ ಒಂದಿದೆ, ಸಣ್ಣ ತುಣುಕುಗಳನ್ನು ಜೋಡಿಸುವುದಕ್ಕೆ ಕಂಪೋಸ್ ಅನ್ನುತ್ತೇವೆ, ಕವಲು ಒಡೆಯುವ ಕಡೆ ಕೇಸ್ ಅಂತ ಬರೆಯುತ್ತೇವೆ. ಅಪ್ಪ ಕನ್ನಡಕ ತೆಗೆದು ನನ್ನನ್ನೇ ನೋಡಿದರು. 'ಅಂದ್ರ ನಮ್ಮ ಪ್ರೆಸ್‌ನ್ಯಾಗ ಇದ್ದದ್ದs ಎಲ್ಲಾ ಅಲ್ಲೆ ಒಯ್ದಾರಲ್ಲ!'

ಇದು ಬರೀ ಹೆಸರಿನ ಹೋಲಿಕೆ, ನನಗೂ ಗೊತ್ತು. ಮೊಳೆಯ ಟೈಪಿಗೂ ನಮ್ಮ ಟೈಪಿಗೂ ನೆಂಟಸ್ತನ ಇಲ್ಲ. ಆದರೂ ಹದಿನೈದು ವರ್ಷ ಈ ಕೆಲಸ ಮಾಡಿದ ಮೇಲೆ ಅನ್ನಿಸುತ್ತದೆ, ನಾನು ಕಲಿತ ಮೊದಲ ಪಾಠ ಯಾವ ಕಾಲೇಜಿನದೂ ಅಲ್ಲ, ಒಂದು ಕೆಟ್ಟುಹೋದ ಲಗ್ನಪತ್ರಿಕೆಯದು.

ಆ ಪತ್ರಿಕೆ 500 ಪ್ರತಿ ಛಾಪಿಸಿ, ಒಣಗಿಸಿ, ಕಟ್ಟು ಕಟ್ಟಿ ಇಟ್ಟಾಗಿತ್ತು. ಹುಡುಗನ ಕಡೆಯವರು ಒಯ್ಯಲು ಬಂದರು. ಒಬ್ಬ ಹಿರಿಯರು ಒಂದು ಪ್ರತಿ ಎತ್ತಿ ಗಟ್ಟಿಯಾಗಿ ಓದಿದರು. ಓದುತ್ತಾ ಓದುತ್ತಾ ನಕ್ಕುಬಿಟ್ಟರು. ಹಿಂದೆ ನಿಂತವರು ನಗಲಿಲ್ಲ. ಹುಡುಗನ ಹೆಸರಿನ ಹಿಂದೆ 'ಚಿ. ಕುಂ. ಸೌ.' ಬಿದ್ದಿತ್ತು. ಹುಡುಗಿಯ ಹಿಂದೆ 'ಚಿ. ರಾ.'. ಎರಡು ತುಂಡು ಅದಲುಬದಲಾಗಿದ್ದವು, ಅಷ್ಟೇ. ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ. ಸಾಲು ಓರೆಯಾಗಿರಲಿಲ್ಲ. ಅಪ್ಪನೇ ಪ್ರೂಫ್ ನೋಡಿದ್ದರು. ಪ್ರತಿ ಅಕ್ಷರವನ್ನೂ ನೋಡಿದ್ದರು, ಅದಕ್ಕೇ ತಪ್ಪು ಕಂಡಿರಲಿಲ್ಲ. ಆ 500 ಕಾರ್ಡಿನ ಖರ್ಚು ನಮ್ಮ ತಲೆ ಮೇಲೆ ಬಂತು. ರಾತ್ರಿಯಿಡೀ ಟ್ರೆಡಲ್ ತುಳಿದು ಮತ್ತೆ ಛಾಪಿಸಿದರು. ಕೆಟ್ಟ ಕಾರ್ಡುಗಳ ಬೆನ್ನಲ್ಲಿ ನಾನು ಎರಡು ವರ್ಷ ಲೆಕ್ಕ ಮಾಡಿದೆ.

ಕಂಪ್ಯೂಟರ್ ಭಾಷೆಯಲ್ಲಿ ಇಂಥದ್ದಕ್ಕೆ ಟೈಪ್ ತಪ್ಪು ಅನ್ನುತ್ತೇವೆ. ವಾಕ್ಯದ ಕಟ್ಟು ಸರಿ, ಕಾಗುಣಿತ ಸರಿ, ಆದರೆ ಒಂದು ಜಾತಿಯ ವಸ್ತು ಬರಬೇಕಾದ ಕಡೆ ಇನ್ನೊಂದು ಜಾತಿಯದು ಕೂತಿದೆ. ಇದು ಪತ್ರಿಕೆಯಲ್ಲಾದರೆ ನಗೆಪಾಟಲು. 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹದ ಹತ್ತಿರ ಆಯಿತು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನೋ ನೌಕೆ. ಭೂಮಿಯ ಮೇಲಿನ ಒಂದು ಪ್ರೋಗ್ರಾಮು ಲೆಕ್ಕವನ್ನು ಪೌಂಡಿನ ಮಾನದಲ್ಲಿ ಕೊಟ್ಟಿತು, ತೆಗೆದುಕೊಂಡವರು ನ್ಯೂಟನ್ ಅಂದುಕೊಂಡರು. ಎರಡಕ್ಕೂ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ನೌಕೆ ಗ್ರಹದ ತೀರಾ ಹತ್ತಿರ ಹೋಗಿ ಕಳೆದೇಹೋಯಿತು. ಸಂಖ್ಯೆ ಸರಿಯಾಗೇ ಇತ್ತು, ಅದರ ಹಿಂದಿನ 'ಚಿ. ರಾ.' ತಪ್ಪಿತ್ತು. ಬರೀ ಸಂಖ್ಯೆ ಅಂತ ಬಿಡದೆ, ಇದು ಇಂಥ ಮಾನದ ಸಂಖ್ಯೆ ಅಂತ ಬರೆಸಿಕೊಳ್ಳುವ ಭಾಷೆಗಳಿವೆ. ಅವು ಇಂಥದ್ದನ್ನು ಪ್ರೋಗ್ರಾಮು ಓಡುವ ಮೊದಲೇ ಹಿಡಿಯುತ್ತವೆ. ಮಷೀನು ಹತ್ತುವ ಮೊದಲು, ಪ್ರೂಫಿನಲ್ಲಿ.

ಅದಾದ ಮೇಲೆ ಅಪ್ಪ ಪ್ರೂಫ್ ಓದುವ ರೀತಿ ಬದಲಾಯಿತು. ಮೊದಲ ಸಲ ಅಕ್ಷರ ನೋಡಲು, ಎರಡನೇ ಸಲ ಯಾರು ಗಂಡು, ಯಾರು ಹೆಣ್ಣು, ಯಾರು ಯಾರ ಮಗ ಅಂತ ನೋಡಲು, ಮೂರನೇ ಸಲ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು. ಈ ಮೂರನೆಯದು ನನಗೆ ಬಹಳ ಇಷ್ಟ. ಪತ್ರಿಕೆಯಲ್ಲಿ ತಾರೀಖೂ ಇರುತ್ತದೆ, ವಾರವೂ ಇರುತ್ತದೆ. 19 ಅಂತ ಬರಬೇಕಾದ ಕಡೆ 10 ಅಂತ ಬಿದ್ದರೆ ಅದೂ ತಾರೀಖೇ. ಜಾತಿ ತಪ್ಪಿಲ್ಲ, ಸಾಮಾನ್ಯ ಟೈಪ್ ತಪಾಸಣೆಗೆ ಸಿಗಲ್ಲ. ಆದರೆ ಪಕ್ಕದಲ್ಲೇ 'ಸೋಮವಾರ' ಅಂತಿದೆಯಲ್ಲ, ಆ ತಿಂಗಳ 10 ಸೋಮವಾರ ಅಲ್ಲದಿದ್ದರೆ ಸಿಕ್ಕಿಬಿತ್ತು. ಎರಡು ಮಾತು ಒಂದಕ್ಕೊಂದು ಸಾಕ್ಷಿ. 'ಇದು ತಾರೀಖು' ಅಂತಷ್ಟೇ ಅಲ್ಲ, 'ಇದು ಪಕ್ಕದ ವಾರಕ್ಕೆ ಹೊಂದುವ ತಾರೀಖು' ಅಂತ ಟೈಪಿನಲ್ಲೇ ಬರೆಯುವ ಭಾಷೆಗಳೂ ಇವೆ. ಅಲ್ಲಿ ಪ್ರೋಗ್ರಾಮು ಬರೆಯುವವರು ಹೊಂದುತ್ತದೆ ಅಂತ ತೋರಿಸಿಕೊಡಬೇಕು. ತೋರಿಸುವುದಕ್ಕೆ ಹೆಸರು ಪ್ರೂಫು! ಟೈಪು ಅನ್ನುವುದು ಒಂದು ಹೇಳಿಕೆ, ಪ್ರೋಗ್ರಾಮು ಅದರ ಪ್ರೂಫು, ಎರಡೂ ಒಂದೇ ನಾಣ್ಯದ ಎರಡು ಮುಖ. ಇದನ್ನು ವಿಲಿಯಂ ಹವರ್ಡ್ ಎಂಬ ತರ್ಕಶಾಸ್ತ್ರಜ್ಞ 1969ರಲ್ಲಿ ಬರೆದು ಗೆಳೆಯರಿಗೆ ಹಂಚಿದ. ಅದು ಅಚ್ಚಾಗಿದ್ದು 1980ರಲ್ಲಿ. ಹನ್ನೊಂದು ವರ್ಷ! ನಮ್ಮ ಪ್ರೆಸ್ಸಿಗೆ ಕೊಟ್ಟಿದ್ದರೆ ಹನ್ನೊಂದು ದಿನ ಸಾಕಿತ್ತು.

ಇಟ್ಟ ಪದ ಅಳಿಸಲೇ ಇಲ್ಲ ಅಂತ ಹೆಮ್ಮೆಯಿಂದ ಹೇಳಿಕೊಂಡ ಕವಿಯ ಊರು ನಮ್ಮದು. ವೀರನಾರಾಯಣನ ಗುಡಿಗೆ ಹೋದಾಗಲೆಲ್ಲ ಆ ಕಂಬ ತೋರಿಸಿ ಯಾರಾದರೂ ಈ ಮಾತು ಹೇಳುತ್ತಾರೆ. ಅಪ್ಪ ಮೆಲ್ಲಗೆ ಸೇರಿಸುತ್ತಿದ್ದರು. 'ಅವರಿಗೆ ಪ್ರೂಫ್ ಬೇಕಾಗಿರಲಿಲ್ಲ. ನಮಗ ಮೂರು ಸಲ ಬೇಕು.'

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಸೇರಿದೆ. ಗದಗಿನಿಂದ ಬೆಳಗಿನ ರೈಲು. ಹುಲಕೋಟಿ, ಅಣ್ಣಿಗೇರಿ, ಎರಡೂ ಕಡೆ ಕರಿಮಣ್ಣು, ಬಾಗಿಲಲ್ಲಿ ನಿಂತವರ ಕಾಲ ಕೆಳಗೆ ಮೂಟೆ. ಲ್ಯಾಬಿನಲ್ಲಿ ಸಿ ಭಾಷೆಯ ಪ್ರೋಗ್ರಾಮು ಬರೆಯಲು ಟರ್ಬೋ ಸಿ, ನೀಲಿ ಪರದೆ. ಅಲ್ಲಿ ಬರೆದ ಪ್ರೋಗ್ರಾಮು ಒಮ್ಮೊಮ್ಮೆ ಎಲ್ಲಾ ಉತ್ತರ ಸರಿಯಾಗೇ ಕೊಟ್ಟು, ಮುಗಿದ ಮೇಲೆ, ಕೊನೆಗೆ ಒಂದು ಸಾಲು ಉದುರಿಸುತ್ತಿತ್ತು. 'ನಲ್ ಪಾಯಿಂಟರ್ ಅಸೈನ್‌ಮೆಂಟ್'. ಎಲ್ಲಿ? ಹೇಳಲ್ಲ. ಯಾವಾಗ? ಹೇಳಲ್ಲ. ಎಲ್ಲೋ ಒಂದು ಕಡೆ ಏನೂ ಇಲ್ಲದ ಜಾಗಕ್ಕೆ ಏನನ್ನೋ ಬರೆದಿದ್ದೀಯ, ಈಗ ಮನೆಗೆ ಹೋಗು. ಹುಡುಗರು ಅದನ್ನು ನೋಡಿಯೂ ನೋಡದ ಹಾಗೆ ಪ್ರಿಂಟೌಟ್ ತೆಗೆದು ರೆಕಾರ್ಡಿಗೆ ಅಂಟಿಸುತ್ತಿದ್ದರು. ನನಗೆ ಆ ಸಾಲು ಕಂಡರೆ 500 ಕಾರ್ಡು ನೆನಪಾಗುತ್ತಿತ್ತು. ಛಾಪಿಸಿ ಮುಗಿದ ಮೇಲೆ ಹೇಳಿದರೆ ಏನು ಬಂತು?

ಈ 'ನಲ್' ಅನ್ನುವುದನ್ನು ಮೊದಲು ತಂದವರು ಟೋನಿ ಹೋರ್, 1965ರಲ್ಲಿ, ಆಲ್ಗಾಲ್ ಡಬ್ಲ್ಯೂ ಎಂಬ ಭಾಷೆಗೆ. ಕಂಪ್ಯೂಟರ್ ವಿಜ್ಞಾನದ ದೊಡ್ಡ ಹೆಸರು, 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂದಿತ್ತು. 2009ರಲ್ಲಿ ಒಂದು ಭಾಷಣದಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರ್ ತಪ್ಪು ಅಂದರು. ಮಾಡುವುದು ಸುಲಭವಾಗಿತ್ತು, ಅದಕ್ಕೇ ಭಾಷೆಗೆ ಸೇರಿಸಿದ್ದರಂತೆ. 'ಇಲ್ಲಿ ಏನೋ ಇದೆ' ಅಂತ ಹೇಳುವ ಪ್ರತಿ ಜಾಗದಲ್ಲೂ 'ಏನೂ ಇಲ್ಲ' ಅನ್ನುವುದು ಸದ್ದಿಲ್ಲದೆ ಕೂರಬಹುದು. ತೊಂದರೆ ಅದೇ, ಸದ್ದಿಲ್ಲದೆ ಕೂರುವುದು.

ಕಾಕಾನ ಹತ್ತಿರ ಇದಕ್ಕೊಂದು ಉಪಾಯವಿತ್ತು. ಕನ್ನಡಕ್ಕೆ ಒತ್ತಕ್ಷರ, ಗುಣಿತ ಎಲ್ಲಾ ಸೇರಿ ನೂರಾರು ಬಗೆಯ ಮೊಳೆ ಬೇಕು. ಇಂಗ್ಲಿಷಿನ ಕೇಸಿನ ಪಕ್ಕ ನಮ್ಮ ಕೇಸು ಇಟ್ಟರೆ ತಾಲೂಕಿನ ಪಕ್ಕ ಜಿಲ್ಲೆ ಇಟ್ಟ ಹಾಗೆ. ಯಾವುದೋ ಒಂದು ಮೊಳೆ ಖಾಲಿಯಾಗುವುದು ದಿನದ ಮಾತು. ಆಗ ಕಾಕಾ ಆ ಜಾಗ ಸುಮ್ನೆ ಬಿಡುತ್ತಿರಲಿಲ್ಲ. ಅಷ್ಟೇ ದಪ್ಪದ ಬೇರೊಂದು ಮೊಳೆಯನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಿದ್ದರು. ಪ್ರೂಫ್ ತೆಗೆದರೆ ಅಲ್ಲಿ ಕರೀ ಕಲೆ ಬೀಳುತ್ತದೆ. ಕುರುಡನಿಗೂ ಕಾಣಬೇಕು. 'ಖಾಲಿ ಬಿಟ್ರ ಮರೀತೀವವಾ. ಕಪ್ಪು ಬಿದ್ರ ಬಯ್ತಾರ, ಬಯ್ದ್ರ ನೆನಪಿರತೈತಿ.' ಇವತ್ತಿನ ಒಳ್ಳೆಯ ಭಾಷೆಗಳು ಮಾಡಿರುವುದೂ ಇದನ್ನೇ. 'ಇರಬಹುದು, ಇಲ್ಲದಿರಬಹುದು' ಅನ್ನುವುದಕ್ಕೇ ಬೇರೆ ಟೈಪು. ಇಲ್ಲದಿದ್ದರೆ ಏನು ಮಾಡುತ್ತೀ ಅಂತ ಬರೆಯದೆ ಮುಂದೆ ಹೋಗಲು ಬಿಡಲ್ಲ. ತಲೆಕೆಳಗಾದ ಮೊಳೆ.

ಮೊಳೆಯ ವಿಷಯ ಬಂತಲ್ಲ, ಇನ್ನೂ ಸ್ವಲ್ಪ ಅಲ್ಲೇ ನಿಲ್ಲುತ್ತೇನೆ. ನನ್ನ ಪಿಎಚ್‌ಡಿ ಇಲ್ಲಿಂದಲೇ ಹುಟ್ಟಿದ್ದು.

ಲೋಹದ ಅಕ್ಷರಕ್ಕೂ ಪರದೆಯ ಮೇಲಿನ ಅಕ್ಷರಕ್ಕೂ ಇರುವ ದೊಡ್ಡ ವ್ಯತ್ಯಾಸ ಏನು ಗೊತ್ತಾ? ಲೋಹದ 'ಳ' ಒಂದು ಸಾಲಿನಲ್ಲಿ ಕೂತರೆ ಕೇಸಿನಲ್ಲಿ ಇರಲ್ಲ. ಎರಡು ಕಡೆ ಇರಲು ಅದಕ್ಕೆ ಆಗಲ್ಲ. ಛಾಪಿಸಿದ ಮೇಲೆ ಪುಟ ಬಿಚ್ಚಬೇಕು, ಒಂದೊಂದು ಮೊಳೆಯನ್ನೂ ಅದರದರ ಖಾನೆಗೆ ವಾಪಸ್ ಹಾಕಬೇಕು. ಈ ಬಿಚ್ಚುವ ಕೆಲಸ ಬೇಜಾರಿನದು, ಹೊಸ ಹುಡುಗರಿಗೆ ಕೊಡುತ್ತಿದ್ದರು. ಅಲ್ಲೇ ಎಲ್ಲಾ ಅನಾಹುತ. ಒಬ್ಬ ಹುಡುಗ ಒಂದು ಪುಟ ಬಿಚ್ಚಿಬಿಟ್ಟ. ಮರುದಿನ ಗಿರಾಕಿ ಬಂದು 'ಇನ್ನೊಂದು ನೂರು ಹಾಕ್ರಿ' ಅಂದರು. ಪುಟ ಎಲ್ಲಿದೆ? ಇನ್ನೊಮ್ಮೆ 'ಪ' ಮೊಳೆಗಳನ್ನು 'ಷ' ಖಾನೆಗೆ ಹಾಕಿದ್ದರು. ಉಲ್ಟಾ ಇರುವ ಅಕ್ಷರ, ಎರಡೂ ಅಣ್ಣತಮ್ಮಂದಿರ ಹಾಗೆ. ಅವತ್ತು ಯಾರಿಗೂ ಏನೂ ಆಗಲಿಲ್ಲ. ಮೂರು ವಾರ ಬಿಟ್ಟು, ಅದಕ್ಕೆ ಸಂಬಂಧವೇ ಇಲ್ಲದ ಒಬ್ಬರ ಹ್ಯಾಂಡ್‌ಬಿಲ್ಲಿನಲ್ಲಿ ಷ ಇರಬೇಕಾದ ಕಡೆಯೆಲ್ಲ ಪ ಬಂತು.

ಸಿ ಭಾಷೆಯಲ್ಲಿ ಕೆಲಸ ಮಾಡಿದವರಿಗೆ ಈ ಎರಡೂ ಕಥೆ ಗೊತ್ತು. ಮೆಮೊರಿಯ ಒಂದು ತುಂಡನ್ನು ಕೇಳಿ ಪಡೆದಿರುತ್ತೇವೆ. ಕೆಲಸ ಆಯಿತು ಅಂತ ಬಿಟ್ಟುಕೊಟ್ಟು, ಆಮೇಲೆ ಮರೆತು ಮತ್ತೆ ಮುಟ್ಟುತ್ತೇವೆ. ಅಷ್ಟರಲ್ಲಿ ಅದು ಬೇರೆಯವರ ಪುಟಕ್ಕೆ ಹೋಗಿರುತ್ತದೆ. ತಪ್ಪು ಮಾಡಿದ್ದು ಒಂದು ಕಡೆ, ಸಿಡಿಯುವುದು ಇನ್ನೊಂದು ಕಡೆ, ಅದೂ ಮೂರು ವಾರ ಬಿಟ್ಟು. ಕಳ್ಳರು ಒಳಗೆ ನುಗ್ಗುವುದೂ ಈ ಸಂದಿಯಿಂದಲೇ. ವರ್ಷವರ್ಷ ತಾನು ಸರಿಪಡಿಸುವ ಭದ್ರತಾ ದೋಷಗಳಲ್ಲಿ ಶೇ. 70ರಷ್ಟು ಇಂಥ ಮೆಮೊರಿ ತಪ್ಪುಗಳೇ ಅಂತ ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು.

ಇದಕ್ಕೆ ಹಳೇ ಮದ್ದು ಅಂದರೆ ಕಸ ಗುಡಿಸುವವನನ್ನು ಇಡುವುದು. ಜಾನ್ ಮೆಕಾರ್ಥಿ 1960ರ ಹೊತ್ತಿಗೇ ಲಿಸ್ಪ್ ಭಾಷೆಗೆ ಇದನ್ನು ಮಾಡಿದ್ದರು. ಪ್ರೋಗ್ರಾಮು ಓಡುತ್ತಿರುವಾಗಲೇ ಒಬ್ಬ ಸುತ್ತಾಡಿ, ಯಾರೂ ಹಿಡಿದುಕೊಂಡಿಲ್ಲದ ಮೊಳೆಗಳನ್ನು ಆರಿಸಿ ಖಾನೆಗೆ ಹಾಕುತ್ತಾನೆ. ಒಳ್ಳೆಯದೇ. ಆದರೆ ಅವನಿಗೆ ಪಗಾರ ಕೊಡಬೇಕು. ಅವನು ಗುಡಿಸುವಾಗ ಒಮ್ಮೊಮ್ಮೆ ಮಷೀನು ನಿಲ್ಲಿಸಿ ಕಾಲೆತ್ತಿ ಕೂರಬೇಕು.

ಇನ್ನೊಂದು ದಾರಿ ತರ್ಕಶಾಸ್ತ್ರದಿಂದ ಬಂತು. ಶಾಲೆಯಲ್ಲಿ ಕಲಿತ ತರ್ಕದಲ್ಲಿ ಒಂದು ಮಾತು ನಿಜ ಅಂತಾದರೆ ಅದನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಅಂಗಡಿಯಲ್ಲಿ ಹಾಗಲ್ಲ. ಹತ್ತು ರೂಪಾಯಿ ಇದ್ದರೆ ಚಹಾ ಬರುತ್ತದೆ, ಹತ್ತು ರೂಪಾಯಿ ಇದ್ದರೆ ಮಿರ್ಚಿ ಬರುತ್ತದೆ. ಹಾಗಂತ ಅದೇ ಹತ್ತು ರೂಪಾಯಿಗೆ ಮಿರ್ಚಿನೂ ಚಹಾನೂ ಕೊಡು ಅಂದರೆ ಗದಗ ಸ್ಟೇಷನ್ನಿನಲ್ಲಿ ಯಾರೂ ಕೊಡಲ್ಲ. ಬಳಸಿದರೆ ಮುಗಿಯಿತು ಅನ್ನುವ ಇಂಥ ತರ್ಕವನ್ನು ಫ್ರಾನ್ಸಿನ ಜಾನ್-ಈವ್ ಜಿರಾರ್ 1987ರಲ್ಲಿ ಕಟ್ಟಿದರು, ಲೀನಿಯರ್ ಲಾಜಿಕ್ ಅಂತ. ಮೂರು ವರ್ಷದಲ್ಲಿ ಫಿಲಿಪ್ ವಾಡ್ಲರ್ ಅದನ್ನು ಪ್ರೋಗ್ರಾಮಿಂಗ್ ಭಾಷೆಯ ಟೈಪುಗಳಿಗೆ ತಂದರು. ಅಲ್ಲಿಂದ ಹಲವು ಕೈ ದಾಟಿ, ಇದೇ ಬುದ್ಧಿ ರಸ್ಟ್ ಎಂಬ ಭಾಷೆಯಲ್ಲಿ ಎಲ್ಲರ ಕೈಗೆ ಬಂತು. ಅದರ 1.0 ಆವೃತ್ತಿ 2015ರ ಮೇ ತಿಂಗಳಲ್ಲಿ. ಅಲ್ಲಿ ಪ್ರತಿ ವಸ್ತುವಿಗೂ ಒಬ್ಬನೇ ಒಡೆಯ. ಇನ್ನೊಬ್ಬರಿಗೆ ಕೊಟ್ಟರೆ ಹೋಯಿತು, ಮತ್ತೆ ಮುಟ್ಟಿದರೆ, ಪ್ರೋಗ್ರಾಮನ್ನು ಯಂತ್ರದ ಮಾತಿಗೆ ಅನುವಾದ ಮಾಡುವ ಕಂಪೈಲರ್ ಅಲ್ಲೇ ಕೈ ಹಿಡಿಯುತ್ತದೆ. ಕಡ ಕೊಡಬಹುದು, ಆದರೆ ಕಡ ತಂದವನು ಒಡೆಯನಿಗಿಂತ ಜಾಸ್ತಿ ದಿನ ಇಟ್ಟುಕೊಳ್ಳುವ ಹಾಗಿಲ್ಲ. ಇದೆಲ್ಲಾ ಓಡಿಸುವ ಮೊದಲೇ ಪರೀಕ್ಷೆ ಆಗುತ್ತದೆ. ಗುಡಿಸುವವನೂ ಬೇಡ, ಪಗಾರವೂ ಬೇಡ.

ಮೊದಲ ಸಲ ಇದನ್ನು ಓದಿದಾಗ ನನಗೆ ಹೊಸದನ್ನು ಕಲಿತ ಹಾಗೆ ಆಗಲೇ ಇಲ್ಲ. ಕೇಸಿನ ಮುಂದೆ ಕಾಕಾ ನಿಂತಿದ್ದಾರೆ, 'ಳ ಎಲ್ಲಿ ಹೋತು?' ಅಂತ ಹುಡುಕುತ್ತಿದ್ದಾರೆ. ಮೊದಲು ಅದನ್ನು ಇಟ್ಟುಕೊಂಡವರು ಬಿಚ್ಚಿ ಕೊಡಲಿ, ಆಮೇಲೆ ಇವರಿಗೆ. ಕಂಪ್ಯೂಟರು ಅಕ್ಷರಗಳನ್ನು ಎಷ್ಟು ಬೇಕಾದರೂ ನಕಲು ಮಾಡಿಕೊಳ್ಳಲು ಬಿಟ್ಟಿತು. ಅಷ್ಟೆಲ್ಲ ಆದ ಮೇಲೆ ನಾವು ಹಣ ಖರ್ಚು ಮಾಡಿ, ತಲೆ ಕೆಡಿಸಿಕೊಂಡು, ಮತ್ತೆ ಅವುಗಳನ್ನು ಲೋಹದ ಮೊಳೆ ಮಾಡಿದ್ದೇವೆ!

ನಕಲು ಅಂದಾಗ ನೆನಪಾಯಿತು. ಮೊಳೆ ಹೋದ ಮೇಲೆ ಪ್ರೆಸ್ಸಿಗೆ ಡಿಟಿಪಿ ಬಂತು, ಅಂದರೆ ಕಂಪ್ಯೂಟರಿನಲ್ಲೇ ಪುಟ ಜೋಡಿಸುವುದು. ಆಗಿನ ಕನ್ನಡ ಫಾಂಟುಗಳಲ್ಲಿ ಯಂತ್ರದ ಮಟ್ಟಿಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ. ಫಾಂಟ್ ಬದಲಾಯಿಸಿದರೆ ಇಡೀ ಪತ್ರಿಕೆ ಗೀಚಿದ ಹಾಗೆ ಕಾಣುತ್ತಿತ್ತು. ಎಲ್ಲಾ ಭಾಷೆಯ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ನಮ್ಮ ಪ್ರೆಸ್ಸಿಗೆ ಅದು ಬರಲು ಬಹಳ ವರ್ಷ ಹಿಡಿಯಿತು. ಈಗ ನಮ್ಮ ವಿದ್ಯಾರ್ಥಿಗಳಿಗೆ ನಾನು ಮೊದಲ ವಾರವೇ ಒಂದು ಆಟ ಆಡಿಸುತ್ತೇನೆ. ಪದ ಉಲ್ಟಾ ಮಾಡುವ ಪ್ರೋಗ್ರಾಮು ಬರೆಯಿರಿ, 'ಗದಗ' ಕೊಡಿ. ಉಲ್ಟಾ ಮಾಡಿದರೂ ಗದಗವೇ. ಎಲ್ಲರಿಗೂ ಖುಷಿ. ಈಗ 'ಹುಬ್ಬಳ್ಳಿ' ಕೊಡಿ. ಗುಡಿಸಿನ ಚಿಹ್ನೆ ಹಿಡಿಯಲು ಅಕ್ಷರವಿಲ್ಲದೆ ಎಲ್ಲಕ್ಕಿಂತ ಮುಂದೆ ಬಂದು ಚುಕ್ಕಿಗಳ ಸುತ್ತಿನ ಮೇಲೆ ನೇತಾಡುತ್ತದೆ. ಊರು ಮುರಿದು ಬೀಳುತ್ತದೆ. 'ಹುಬ್ಬಳ್ಳಿ'ಯಲ್ಲಿ ಎಷ್ಟು ಅಕ್ಷರ? ನಾವು ಮೂರು ಅನ್ನುತ್ತೇವೆ. ಪೈಥಾನ್ ಭಾಷೆಯನ್ನು ಕೇಳಿದರೆ 9, ಅದು ಅರ್ಧಾಕ್ಷರದ ಗುರುತು, ಗುಣಿತ ಎಲ್ಲವನ್ನೂ ಬೇರೆಬೇರೆ ಎಣಿಸುತ್ತದೆ. ರಸ್ಟ್‌ಗೆ ಉದ್ದ ಕೇಳಿದರೆ 27, ಅದು ಬೈಟು, ಅಂದರೆ ಮೆಮೊರಿಯಲ್ಲಿ ಹಿಡಿಯುವ ಸಣ್ಣ ಖಾನೆಗಳನ್ನು ಎಣಿಸುತ್ತದೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಏನನ್ನು ಎಣಿಸುತ್ತಿದ್ದೇವೆ ಅನ್ನುವುದೇ ಬೇರೆಬೇರೆ. ಟೈಪು ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳಿಕೊಡಲು ನನಗೆ ಬರಲ್ಲ.

ಇನ್ನು ನನ್ನ ಈಗಿನ ಕೆಲಸ. ಒಂದು ಸಾಲಿನಲ್ಲಿ ಹೇಳುವುದಾದರೆ, ತಪ್ಪು ಸಿಕ್ಕ ಮೇಲೆ ಅದು ಯಾರ ತಪ್ಪು ಅಂತ ಹುಡುಕುವುದು.

ಸುಲಭ ಅನ್ನಿಸುತ್ತದೆ ಅಲ್ವಾ? ಅದೇ ಲಗ್ನಪತ್ರಿಕೆಗೆ ಬನ್ನಿ. ಹಸ್ತಪ್ರತಿ ಅಂದರೆ ಹೆಚ್ಚಾಗಿ ಮನೆಯ ಹಿರಿಯರು ನೋಟ್‌ಬುಕ್ಕಿನ ಹಾಳೆಯಲ್ಲಿ ಗೀಚಿದ್ದು. ಅರ್ಧ ಅಕ್ಷರ ಓದಲು ಬರಲ್ಲ. ಕಾಕಾ ಅದನ್ನು ಹೇಗೆ ಓದುತ್ತಿದ್ದರು? ಮುಂದೆ 'ದ್ವಿತೀಯ ಪುತ್ರಿ' ಅಂತ ಇದೆ, ಹಾಗಾದರೆ ಹಿಂದೆ ಗೀಚಿದ್ದು 'ಕುಂ. ಸೌ.' ಆಗಿರಲೇಬೇಕು. ಯಾರೂ ಹೇಳದಿದ್ದರೂ ಅಕ್ಕಪಕ್ಕ ನೋಡಿ ತಿಳಿದುಕೊಳ್ಳುವುದು. ಕಂಪ್ಯೂಟರ್ ಭಾಷೆಯಲ್ಲಿ ಇದನ್ನು ಟೈಪ್ ಇನ್‌ಫರೆನ್ಸ್ ಅನ್ನುತ್ತಾರೆ. ತರ್ಕಶಾಸ್ತ್ರದ ಕಡೆಯಿಂದ ರೋಜರ್ ಹಿಂಡ್ಲಿ 1969ರಲ್ಲಿ, ಅದು ಗೊತ್ತಿಲ್ಲದೆಯೇ ಪ್ರೋಗ್ರಾಮಿಂಗ್ ಕಡೆಯಿಂದ ಎಡಿನ್‌ಬರೋದ ರಾಬಿನ್ ಮಿಲ್ನರ್ 1978ರಲ್ಲಿ, ಇದನ್ನು ಕಂಡುಕೊಂಡರು. ಬರೆಯುವವರು ಒಂದು ಟೈಪನ್ನೂ ಬರೆಯದಿದ್ದರೂ ಯಂತ್ರವೇ ಎಲ್ಲವನ್ನೂ ಲೆಕ್ಕ ಹಾಕುತ್ತದೆ. ಮೊದಲ ಸಲ ನೋಡಿದವರಿಗೆ ಮಾಟದ ಹಾಗೆ ಕಾಣುತ್ತದೆ.

ಎಲ್ಲಾ ಹೊಂದಿದರೆ ಮಾಟ. ಹೊಂದದಿದ್ದರೆ ಫಜೀತಿ. ಪತ್ರಿಕೆಯಲ್ಲಿ ಹಿಂದೆ 'ಚಿ. ರಾ.' ಅಂತಿದೆ, ಮುಂದೆ 'ಪುತ್ರಿ' ಅಂತಿದೆ, ನಡುವೆ ಹೆಸರು 'ಕಿರಣ'. ಗಂಡಿಗೂ ಇಡುತ್ತಾರೆ, ಹೆಣ್ಣಿಗೂ ಇಡುತ್ತಾರೆ. ಒಂದು ತಪ್ಪಿದೆ ಅನ್ನುವುದು ಖಂಡಿತ. ಯಾವುದು? ಎಡದಿಂದ ಓದಿಕೊಂಡು ಬಂದವರು 'ಪುತ್ರಿ' ಮೇಲೆ ಬೆರಳಿಡುತ್ತಾರೆ, ಅಲ್ಲಿಯವರೆಗೆ ಎಲ್ಲಾ ಸರಿಯಿತ್ತಲ್ಲ. ಬಲದಿಂದ ಬಂದವರು 'ರಾ.' ಮೇಲೆ. ಕಂಪೈಲರುಗಳು ಮಾಡುವುದೂ ಇದನ್ನೇ. ಮೊದಲು ಎಲ್ಲಿ ಎಡವಿತೋ ಅಲ್ಲೇ ಕೂಗುತ್ತವೆ. 12ನೇ ಸಾಲಿನಲ್ಲಿ ಕಾರ್ಡುಗಳ ಲೆಕ್ಕ 500 ಅನ್ನುವುದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿರುತ್ತೀರಿ, ಅಲ್ಲಿಗೆ ಅದು ಸಂಖ್ಯೆ ಅಲ್ಲ, ಬರಹ. 40ನೇ ಸಾಲಿನಲ್ಲಿ ಅದನ್ನು ದರದಿಂದ ಗುಣಿಸುತ್ತೀರಿ. ಬೈಗುಳ 40ನೇ ಸಾಲಿಗೆ. ಹುಡುಗರು 40ನೇ ಸಾಲನ್ನೇ ಇಪ್ಪತ್ತು ಬಗೆಯಲ್ಲಿ ತಿದ್ದಿ, ಕೊನೆಗೆ ಸಿಟ್ಟು ಬಂದು ಅಳಿಸಿಯೇ ಬಿಡುತ್ತಾರೆ. ನಾನು ಹಿಂದೆ ನಿಂತು ನೋಡುತ್ತಿರುತ್ತೇನೆ.

ಮಿಚೆಲ್ ವಾಂಡ್ 1986ರಲ್ಲೇ ಈ ತೊಂದರೆಯನ್ನು ಎತ್ತಿ ತೋರಿಸಿದ್ದರು. ಆಮೇಲೆ ತುಂಬಾ ಜನ ತುಂಬಾ ದಾರಿ ಹಿಡಿದರು. ನಾನು ಹಿಡಿದ ದಾರಿ ಅಪ್ಪನದು. ಅವರು ಯಾವುದೋ ಒಂದನ್ನು ತಪ್ಪು ಅಂತ ಸುತ್ತು ಹಾಕುತ್ತಿರಲಿಲ್ಲ. 'ರಾ.' ಮತ್ತು 'ಪುತ್ರಿ' ಎರಡಕ್ಕೂ ಅಡಿಗೆರೆ ಎಳೆದು, ನಡುವೆ ಒಂದು ಗೆರೆ ಜೋಡಿಸಿ, ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದರು. ಜಗಳ ಆಡುತ್ತಿರುವ ಇಬ್ಬರನ್ನೂ ತೋರಿಸು, ತೀರ್ಪು ಬರೆದವರಿಗೆ ಬಿಡು. ಆಮೇಲೆ ಇನ್ನೊಂದು ಮಾಡುತ್ತಿದ್ದರು. ಪತ್ರಿಕೆಯ ಉಳಿದ ಕಡೆ ನೋಡುತ್ತಿದ್ದರು. ಕೆಳಗೆ ಇನ್ನೊಬ್ಬರ ಹಿಂದೆ ಆಗಲೇ 'ಚಿ. ರಾ.' ಇದ್ದು, ಅವರು ಪುತ್ರ ಅಂತ ಇದ್ದರೆ, ಇಲ್ಲಿ 'ರಾ.' ತಪ್ಪಿರುವ ಸಾಧ್ಯತೆ ಜಾಸ್ತಿ. ಒಂದು ತಿದ್ದಿದರೆ ಎಲ್ಲಾ ಹೊಂದುತ್ತದೆ. 'ಪುತ್ರಿ'ಯನ್ನು ತಿದ್ದಲು ಹೋದರೆ ಎರಡು ಗಂಡು, ಮತ್ತೆ ನಾಲ್ಕು ಕಡೆ ತಿದ್ದಬೇಕು. ಕಮ್ಮಿ ತಿದ್ದುಪಡಿಯಲ್ಲಿ ಹೊಂದುವುದನ್ನು ಮೊದಲು ಹೇಳು. ನನ್ನ ಪ್ರಬಂಧಗಳಲ್ಲಿ ಇದೇ ಮಾತು ಗಣಿತದ ಬಟ್ಟೆ ತೊಟ್ಟುಕೊಂಡು ನಿಂತಿದೆ.

ಒಂದು ಗೊಣಗಾಟ. ನಮ್ಮ ಕ್ಷೇತ್ರದಲ್ಲಿ ಟೈಪ್ ಪದ್ಧತಿ ಸರಿ ಅಂತ ಪ್ರಮೇಯ ಸಾಧಿಸಿದರೆ ಬೆನ್ನು ತಟ್ಟುತ್ತಾರೆ. ತಪ್ಪಿದಾಗ ಏನು ಹೇಳುತ್ತದೆ ಅನ್ನುವುದರ ಮೇಲೆ ಕೆಲಸ ಮಾಡಿದರೆ ಹುಬ್ಬೇರಿಸುತ್ತಾರೆ. ಒಮ್ಮೆ ಒಬ್ಬ ವಿಮರ್ಶಕರು ಇದು ಸಿದ್ಧಾಂತ ಅಲ್ಲ, ಅಲಂಕಾರ ಅನ್ನುವ ಅರ್ಥದಲ್ಲಿ ಬರೆದು ತಿರುಗಿಸಿದರು. ನನಗೆ ಇನ್ನೂ ಸಿಟ್ಟಿದೆ. ಎಲ್ಮ್ ಭಾಷೆಯವರು ತಪ್ಪಿನ ಸಂದೇಶವನ್ನು ಮನುಷ್ಯರ ಮಾತಿನಲ್ಲಿ ಬರೆದು ತೋರಿಸಿದರು. ರಸ್ಟ್‌ನವರು ಅದರಿಂದ ಕಲಿತು ಎರಡು ಕಡೆಗೂ ಅಡಿಗೆರೆ ಎಳೆಯತೊಡಗಿದರು, ಇಲ್ಲಿ ಕೊಟ್ಟೆ, ಇಲ್ಲಿ ಮತ್ತೆ ಮುಟ್ಟಿದೆ ಅಂತ. ಜನ ಆ ಭಾಷೆಗಳನ್ನು ಮೆಚ್ಚುವುದಕ್ಕೆ ಅದೂ ಒಂದು ಕಾರಣ. ಪ್ರಮೇಯ ಓದಿ ಯಾರೂ ಭಾಷೆ ಕಲಿಯಲ್ಲ.

ಇದನ್ನೆಲ್ಲಾ ಕೇಳಿದ ಮೇಲೆ ಅಪ್ಪ ಒಂದು ಪ್ರಶ್ನೆ ಕೇಳಿದರು. 'ಹಸ್ತಪ್ರತಿನs ತಪ್ಪಿದ್ರ?'

ಆ ಒಂದು ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇಲ್ಲ. ಕಾಂಪ್‌ಸರ್ಟ್ ಅಂತ ಒಂದು ಸಿ ಕಂಪೈಲರ್ ಇದೆ, ಫ್ರಾನ್ಸಿನ ಝೇವಿಯರ್ ಲರೂವಾ ಮತ್ತು ಅವರ ಜೊತೆಯವರದು. ಅದು ಸರಿಯಾಗಿ ಅನುವಾದ ಮಾಡುತ್ತದೆ ಅಂತ ಗಣಿತದ ಪ್ರೂಫ್ ಇದೆ, ಆ ಪ್ರೂಫನ್ನು ಯಂತ್ರವೇ ಪರೀಕ್ಷಿಸಿದೆ. 2011ರಲ್ಲಿ ಅಮೆರಿಕದ ಯೂಟಾದ ಸಂಶೋಧಕರು ಹೆಸರುವಾಸಿ ಕಂಪೈಲರುಗಳಿಗೆಲ್ಲ ಅಡ್ಡಾದಿಡ್ಡಿ ಪ್ರೋಗ್ರಾಮು ತಿನ್ನಿಸಿ 325ಕ್ಕೂ ಜಾಸ್ತಿ ತಪ್ಪು ಹಿಡಿದರು. ಕಾಂಪ್‌ಸರ್ಟ್‌ನ ಪ್ರೂಫ್ ಆದ ಭಾಗದಲ್ಲಿ ಒಂದೂ ಅಂಥ ತಪ್ಪು ಸಿಗಲಿಲ್ಲ. ಸಿಕ್ಕ ಕೆಲವು ತಪ್ಪು ಪ್ರೂಫ್ ಆಗದ ಭಾಗದಲ್ಲಿದ್ದವು. ಅಂದರೆ ಪ್ರೂಫ್ ಕೆಲಸ ಮಾಡುತ್ತದೆ. ಆದರೆ ಅದು ನೋಡುವುದು ಹಸ್ತಪ್ರತಿಗೆ ಹೊಂದುತ್ತದೋ ಇಲ್ಲವೋ ಅಂತ ಮಾತ್ರ. ಹಸ್ತಪ್ರತಿ ಬರೆದವನು ಮಗಳ ಮದುವೆಯ ತಾರೀಖನ್ನೇ ಮರೆತಿದ್ದರೆ?

'ನೀವ್ ಏನ್ ಮಾಡ್ತಿದ್ರಿ?' ಅಂದೆ.

'ಮುಂಡರಗಿ ರೋಡಿಗೆ ಹುಡುಗನ್ನ ಸೈಕಲ್ ಮ್ಯಾಲೆ ಕಳಸ್ತಿದ್ದೆ. ಕೇಳ್ಕೊಂಡ್ ಬಾ ಅಂತ.'

ಈ ಬರಹ ಹಾಕುವ ಮೊದಲು ಪ್ರಿಂಟ್ ತೆಗೆದು ಅಪ್ಪನಿಗೆ ಕೊಟ್ಟೆ. ಕೆಂಪು ಪೆನ್ನು ಹಿಡಿದು ಕೂತರು, ಮೂರು ಸಲ ಓದಿದರು. ಕಾಗುಣಿತದ ತಪ್ಪು ಹನ್ನೊಂದು, ಎಲ್ಲಾ ತಿದ್ದಿದ್ದೇನೆ. ಮೊದಲ ಪುಟದಲ್ಲಿ '200 ಕೆಜಿ' ಕೆಳಗೆ ಗೆರೆ, ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ. ಕೇಳಿದೆ. 'ಮುನ್ನೂರರ ಮ್ಯಾಲಿತ್ತವಾ' ಅಂದರು. ಅಡುಗೆಮನೆಯಿಂದ ಅವ್ವ ಕೂಗಿ ಹೇಳಿದಳು, 'ಇಲ್ಲs, ಇನ್ನೂರs ಇತ್ತು, ರೊಕ್ಕಾ ಎಣಿಸಿದಾಕಿ ನಾ.' ಕಾಕಾ ತೀರಿಕೊಂಡು ಆರು ವರ್ಷ ಆಯಿತು. ತೂಕದ ಚೀಟಿ ಯಾರ ಹತ್ತಿರಾನೂ ಇಲ್ಲ.